ತೆಂಗಿನೆಣ್ಣೆಯ ರಾಜೀನಾಮೆ

ಅಡುಗೆಮನೆಯ ಮೇಜು
ಅಕ್ಟೋಬರ್ ೧೨, ಶನಿವಾರ

ಪ್ರೀತಿಯ ಅಣ್ಣಾ,

ಸಮಸ್ತ ಕುಟುಂಬದ ಪರವಾಗಿ ಅತ್ಯಂತ ಗಂಭೀರವಾಗಿ ತಿಳಿಯಪಡಿಸುವುದೇನೆಂದರೆ, ನಿನ್ನೆ ಬೆಳಿಗ್ಗೆ ನಮ್ಮ ಮನೆಯ ತೆಂಗಿನೆಣ್ಣೆ ತನ್ನ ದ್ರವ ಪದವಿಗೆ ರಾಜೀನಾಮೆ ಕೊಟ್ಟಿತು. ಅಮ್ಮ ಬಾಟಲಿಯನ್ನು ತಲೆಕೆಳಗು ಮಾಡಿ, ಅಂಗೈ ಒಡ್ಡಿ, ಸಂಬಳಕ್ಕೆ ಕಾಯುವವಳ ಹಾಗೆ ನಿಂತಳು. ಹನಿಯೂ ಇಳಿಯಲಿಲ್ಲ. "ನಿನ್ನೆ ಚೆನ್ನಾಗೇ ಹರೀತಿತ್ತಲ್ಲೇ! ಬೆಳಗಾಗೋದ್ರಲ್ಲಿ ಇದಕ್ಕೇನು ಬಂತು ರೋಗ?" ಎಂದು ನನ್ನನ್ನೇ ಗದರಿದಳು, ಎಣ್ಣೆಗೆ ನಾನು ಕುಮ್ಮಕ್ಕು ಕೊಟ್ಟವಳ ಹಾಗೆ.

ನೀನು ಹೇಗಿದ್ದೀಯ? ಆ ಹಿಮದ ನಡುವಿನ ಹವಾಮಾನ ಕೇಂದ್ರದಲ್ಲಿ ಕಾಲ್ಬೆರಳುಗಳೆಲ್ಲ ಇನ್ನೂ ಲೆಕ್ಕಕ್ಕೆ ಸಿಗುತ್ತಿವೆ ತಾನೇ? ಕೆಮ್ಮು ಹೋಯಿತೆ? ತಲೆಗೂದಲಿನ ಕ್ಷೇಮ ಕೇಳುವುದಿಲ್ಲ. ಆ ತಲೆಗೆ ಎಣ್ಣೆಯ ಅಗತ್ಯ ಮುಗಿದು ಬಹಳ ವರ್ಷವಾಯಿತು. ನಿನ್ನ ಜನರೇಟರ್ ಸೌಖ್ಯವೆ? ನೀನು ತನ್ನ ಜೊತೆಗಿಂತ ಅದರ ಜೊತೆಗೇ ಹೆಚ್ಚು ಮಾತಾಡುತ್ತೀಯ ಎಂದು ಅತ್ತಿಗೆಯ ದೂರು.

ನಮ್ಮ ಎಣ್ಣೆ ಪರೀಕ್ಷೆಯ ಲ್ಯಾಬಿನಲ್ಲಿ ಈಗ ನ್ಯೂರಲ್ ನೆಟ್‌ವರ್ಕ್ ಎಂಬ, ಉಣಿಸಿದ್ದರಿಂದ ತಾನೇ ಕಲಿಯುವ ಕಂಪ್ಯೂಟರಿನದೇ ದರ್ಬಾರು. ಅದನ್ನು ನಾವು ಪಂಡಿತರು ಎನ್ನುತ್ತೇವೆ. ಯಾವ ಎಣ್ಣೆಯಲ್ಲಿ ಏನೇನು ಬೆರೆತಿದೆ, ಎಷ್ಟು ಬಿಸಿಗೆ ಎಷ್ಟು ಮಂದವಾಗಿ ಹರಿಯುತ್ತದೆ ಎಂದು ವರ್ಷಗಟ್ಟಲೆ ಅಳೆದದ್ದನ್ನೆಲ್ಲ ಅವರಿಗೆ ಉಣಿಸಿದೆವು. ಈಗ ಹೊಸ ಎಣ್ಣೆಯ ಜಾತಕ ಕೊಟ್ಟರೆ ಸಾಕು, ಅಳೆಯದೆಯೇ ಮಂದತೆ ಹೇಳುತ್ತಾರೆ, ಬಹುಪಾಲು ಸರಿಯಾಗಿಯೇ. ಜನರೇಟರಿಗೆಂದು ಬಂದಿರುವ ಹೊಸ ಎಣ್ಣೆ ಅಲ್ಲಿಯ ಚಳಿಗಾಲ ತಾಳುತ್ತದೆಯೇ ಎಂದು ಹೋದ ತಿಂಗಳು ನೀನು ಕೇಳಿದ್ದೆಯಲ್ಲ? ಪಂಡಿತರು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಅಂಕಿ ಅಪ್ಪಣೆ ಕೊಡಿಸಿದರು. ಮಂದವಾದರೂ ಹರಿಯುತ್ತದೆ ಎಂದು ಅದರರ್ಥ. ನಾನೂ ಹಾಗೇ ನಿನಗೆ ಬರೆದೆ.

ಅಮ್ಮನ ಬಾಟಲಿ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕವಳು ಬಸ್ಸಿನಲ್ಲಿ ಕುಳಿತ ಮೇಲೆ ಯೋಚಿಸತೊಡಗಿದೆ. ತೆಂಗಿನೆಣ್ಣೆ ಮೆಲ್ಲಮೆಲ್ಲಗೆ ಮಂದವಾಗಿರಲಿಲ್ಲ. ಚಳಿ ಒಂದು ಗೆರೆ ದಾಟಿದ್ದೇ ತಡ, ಕಲ್ಲಾಗಿತ್ತು. ಪಂಡಿತರು ಅಂಥ ಗೆರೆಯನ್ನು ಎಂದಾದರೂ ಕಂಡಿದ್ದಾರೆಯೇ? ಲ್ಯಾಬಿಗೆ ಹೋದವಳೇ ಹಳೆಯ ಅಳತೆಗಳನ್ನೆಲ್ಲ ಹುಡುಕಿದೆ. ಉಣಿಸಿದ್ದೆಲ್ಲ ಬೆಚ್ಚಗಿನದೇ! ನೀರು ಹೆಪ್ಪುಗಟ್ಟುವ ಚಳಿಗಿಂತ ಕೆಳಗೆ ಅಳೆದ ಎಣ್ಣೆ ಒಂದೂ ಇಲ್ಲ. ನಮ್ಮ ತಂಪು ಯಂತ್ರ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. ನಮ್ಮ ಚಿಕ್ಕಪ್ಪ ತಾವು ಕಾಲಿಡದ ಊರಿನಲ್ಲೂ "ಸೀದಾ ಹೋಗಿ ಎಡಕ್ಕೆ ತಿರುಗು" ಎಂದು ದಾರಿ ತೋರಿಸುತ್ತಾರಲ್ಲ, ಪಂಡಿತರದೂ ಅದೇ ಗತ್ತು. ಲ್ಯಾಬಿನ ಮುಖ್ಯಸ್ಥೆಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ಗೊತ್ತಿಲ್ಲ ಅನ್ನೋದನ್ನ ನಾವು ಅದಕ್ಕೆ ಕಲಿಸೇ ಇಲ್ವಲ್ಲಮ್ಮ" ಅಂದರು.

ನಿಮ್ಮ ಫೋನು ಮಾತು ಬಿಟ್ಟು ಬರೀ ಗೊರಗೊರ ಎನ್ನುತ್ತಿದೆ. ನಾಳೆ ಹೊರಡುವ ಸಾಮಾನಿನ ವಿಮಾನಕ್ಕೆ ಈ ಪತ್ರ ಹಾಕುತ್ತೇನೆ. ಅತ್ತಿಗೆ ಆರಾಮ. ನಿನ್ನ ಮಗಳು ನಿನ್ನ ಸ್ವೆಟರ್ ತೊಟ್ಟು ಓಡಾಡುತ್ತಾಳೆ, ಮನೆ ತಾನಾಗಿಯೇ ಗುಡಿಸಿಹೋಗುತ್ತದೆ. ಅಮ್ಮನ ಆಶೀರ್ವಾದ ಎಂದಿನಂತೆ ಬೈಗುಳದ ಜೊತೆಗೆ.

ನಿನ್ನ ಬೈಗುಳಕ್ಕೂ ತಯಾರಾಗಿರುವ,
ತಂಗಿ

ತಾ.ಕ.: ಅಣ್ಣಾ, ಜನರೇಟರಿನ ಹಳೆ ಎಣ್ಣೆ ಇನ್ನೂ ತೆಗೆದಿಲ್ಲ ತಾನೇ? ತೆಗೆಯಬೇಡ. ಹೊಸದು ಕಲ್ಲಾಗಿ ಜನರೇಟರ್ ನಿಂತರೆ ನಿಮ್ಮೆಲ್ಲರ ಕೋಣೆಯ ಬಿಸಿಯೂ ನಿಂತಂತೆ. ಹೊಸದನ್ನು ಒಂದು ಸಣ್ಣ ಬಾಟಲಿಗೆ ಹಾಕಿ, ಕೊರೆಯುವ ಚಳಿಯ ರಾತ್ರಿ ಹೊರಗಿಡು. ಬೆಳಿಗ್ಗೆ ಅಮ್ಮನ ಹಾಗೆ ತಲೆಕೆಳಗು ಮಾಡಿ, ಹರಿಯಿತೋ ಕಲ್ಲಾಯಿತೋ, ಥರ್ಮಾಮೀಟರ್ ನೋಡಿ ಬರೆದು ಕಳಿಸು. ಪಂಡಿತರಿಗೆ ಚಳಿಯ ಮೊದಲ ಪಾಠ ಅದೇ. ಹೊರಗೆ ಹೋಗುವಾಗ ಟೋಪಿ ಹಾಕಿಕೋ.