ತೊಕ್ಚಿಲ್ ಅಜ್ಜನ ಎರಡನೆಯ ದಿನದ ದಾಖಲೆ

ನವೆಂಬರ್ ೧೪, ಗುರುವಾರ. ಮೊಕ್ಪೊ.

ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಹೊಟ್ಟೆ ಆಪರೇಷನ್ ವಾರ್ಡಿನಲ್ಲಿ ತೊಕ್ಚಿಲ್ ಅಜ್ಜ ಹೂಸು ಬಿಟ್ಟರು. ಕರುಳು ಎಚ್ಚರವಾಯಿತೆಂಬುದಕ್ಕೆ ಅದೇ ಗುರುತು. ಅದಾದ ಮೇಲೆಯೇ ಗಂಜಿ. ಅದಕ್ಕೇ ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟುತ್ತದೆ.

"ಎರಡೇ ದಿನಕ್ಕೆ ಸಿಸ್ಟರಮ್ಮಾ! ಬರ್ಕೊಳ್ಳಿ!" ಎಂದು ಅಜ್ಜ ಕೂಗಿದರು.

ಪಕ್ಕದ ಮಂಚದ ಪ್ಯೋ ಮೇಷ್ಟ್ರಿಗೆ ಇದು ಐದನೆಯ ದಿನ, ಇನ್ನೂ ಸದ್ದಿಲ್ಲ. "ಮೀನುದೋಣಿಯವ್ನ ಕರುಳಪ್ಪ, ಎಂಜಿನ್ ಥರ ಇರತ್ತೆ," ಎಂದು ಗೊಣಗಿದರು.

"ನಿಮ್ದು ಇನ್ನೂ ಪಾಠ ಓದ್ತಾ ಇದೆ ಮೇಷ್ಟ್ರೇ!"

ಅಜ್ಜನಿಗೆ ಇಷ್ಟು ಬೇಗ ಏಕೆ ಬಂತೆಂದು ನನಗೆ ಗೊತ್ತು. ಮೇಷ್ಟ್ರ ಜಠರವನ್ನು ಕತ್ತರಿಸಿ ಹೊಲಿದಿದ್ದಾರೆ. ಅಜ್ಜನದನ್ನು ಯಾರೂ ಕತ್ತರಿಸಲೇ ಇಲ್ಲ. ಮೊನ್ನೆ ಹೊಟ್ಟೆ ತೆರೆದು, ಗಡ್ಡೆ ಎಲ್ಲ ಕಡೆ ಹಬ್ಬಿರುವುದನ್ನು ನೋಡಿ, ಹಾಗೆಯೇ ಮುಚ್ಚಿದರು. "ಅಪ್ಪಂಗೆ ಹೇಳ್ಬೇಡಿ ಅಕ್ಕಾ, ನಾಕು ದಿನ ಖುಷಿಯಾಗಿ ಉಣ್ಲಿ," ಎಂದು ಮಗಳು ನನ್ನ ಕೈ ಹಿಡಿದಿದ್ದಳು. ಹಾಗಾಗಿ ಇವತ್ತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ.

ಗಂಜಿ ಕುಡಿಯುತ್ತ ಅಜ್ಜ ಕೇಳಿದರು: "ನಿಜ ಹೇಳಿ, ಕತ್ತರ್ಸಿ ಎಷ್ಟು ಉಳ್ಸಿದಾರೆ ಹೊಟ್ಟೇನ?"

"ಪೂರ್ತಿ ಇದೆ ಅಜ್ಜ."

ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕರು. "ಭಾರಿ ತಮಾಷೆಯವ್ರು ಬಿಡಿ ನೀವು!"

ಇಡೀ ದಿನದಲ್ಲಿ ನಾನು ಅವರಿಗೆ ಹೇಳಿದ ನಿಜ ಅದೊಂದೇ.

ಗಂಜಿ ತೀರಾ ಸಪ್ಪೆಯಂತೆ. ಎರಡು ಹನಿ ಸೋಯಾ ಸಾಸಿಗೆ ಡಾಕ್ಟರು ಒಪ್ಪಿದ್ದಾರೆ. ದಿನಚರಿಯೇ, ನಾಳೆ ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಡುಗೆಮನೆಯ ಆ ಚಿಕ್ಕ ಸಾಸ್ ಸೀಸೆಯನ್ನು ಸ್ವಲ್ಪ ನೆನಪಿಸು.