ಭಾನುವಾರದ ಮಾತ್ರೆ

ಪ್ರೀತಿಯ ಅಣ್ಣಾ,

ನೀನು ಏಳನೇ ಹಾಸಿಗೆಯಲ್ಲಿ ಮಲಗಿದ್ದೀಯ, ನಾನು ಹತ್ತು ಹೆಜ್ಜೆ ಆಚೆ ನರ್ಸ್‌ಗಳ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಬಂದು ಹೇಳಹೊರಟರೆ ಅರ್ಧಕ್ಕೇ ನಿನ್ನ ಹೊದಿಕೆ ಸರಿಮಾಡಿ ಎದ್ದು ಬರುತ್ತೇನೆ. ನಿನಗೋ, ನಿನ್ನೆ ಬೆಳಗ್ಗೆ ಲಕ್ವ ಹೊಡೆದಾಗಿನಿಂದ ಮಾತೇ ಇಲ್ಲ. ಮಾತಿನಲ್ಲಿ ನನ್ನನ್ನು ಸೋಲಿಸದೆ ಎಂದೂ ಬಿಟ್ಟವನಲ್ಲ ನೀನು.

ನಿನ್ನೆ ಸಂಜೆ ಅತ್ತಿಗೆ ನಿನ್ನ ಗಡಿಯಾರ ರಿಪೇರಿ ಅಂಗಡಿಯಿಂದ ಒಂದು ಡಬ್ಬಿ ತಂದರು. ಒಳಗೆ ನಾಲ್ಕು ತಿಂಗಳ ಬಿ.ಪಿ. ಮಾತ್ರೆ, ಶೀಟುಗಳು ಹಾಗ್ಹಾಗೇ. "ಮನೇಲಿ ಭಾನುವಾರ ಬೆಳಗ್ಗೆ ಮಾತ್ರ ತಗೊಳ್ತಿದ್ರು. ಮಿಕ್ಕ ದಿನ ಅಂಗಡೀಲಿ ತಗೋತಾರೆ ಅಂದ್ಕೊಂಡಿದ್ದೆ ಕಣೇ" ಎಂದು ಅತ್ತರು. ಭಾನುವಾರ ನಾನು ಬಿ.ಪಿ. ನೋಡಲು ಬರುತ್ತಿದ್ದೆನಲ್ಲ, ಅದಕ್ಕೆ! ಪರೀಕ್ಷೆಯ ದಿನ ಮಾತ್ರ ಪುಸ್ತಕ ತೆರೆಯುವ ನಿನ್ನ ಹಳೇ ಚಾಳಿ. ನಾನೋ ತೋಳಿಗೆ ಪಟ್ಟಿ ಸುತ್ತಿ, ನೂರಾ ಮೂವತ್ತು ನೋಡಿ, ಬೆನ್ನು ತಟ್ಟಿ ಬರುತ್ತಿದ್ದೆ.

ಯಾಕೆ ಬಿಟ್ಟೆ ಎಂದು ಕೇಳಬೇಕಾಗಿಲ್ಲ. ಕೆಮ್ಮು. ಮಾತ್ರೆ ಶುರುವಾದ ಎರಡನೇ ವಾರಕ್ಕೇ ಒಣಕೆಮ್ಮು ಹತ್ತಿಕೊಂಡಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತವನಿಗೆ ಒಂದು ಕೆಮ್ಮು ಬಂದರೆ ಸಾಕು, ಸಾಸಿವೆಗಿಂತ ಸಣ್ಣ ತಿರುಪು ನೆಲದ ಪಾಲು. "ಈ ಕೆಮ್ಮು ನನ್ನ ಕೆಲ್ಸಾನೇ ಕೆಡಿಸ್ತಿದೆ ಕಣೇ" ಅಂದಿದ್ದೆ ನೀನು. "ತಣ್ಣೀರು ಕುಡೀಬೇಡ ಅಂದ್ರೆ ಕೇಳ್ತೀಯಾ ನೀನು?" ಎಂದು ನಾನು ರೇಗಿದ್ದೆ. ನಿನ್ನದೇ ಆ ಮಾತ್ರೆ, ಎನಾಲಾಪ್ರಿಲ್, ತೆಗೆದುಕೊಳ್ಳುವ ಪ್ರತಿ ರೋಗಿಗೂ "ಒಣಕೆಮ್ಮು ಬಂದ್ರೆ ನೀವೇ ಬಿಡ್ಬೇಡಿ, ಬಂದು ಹೇಳಿ, ಡಾಕ್ಟ್ರು ಬೇರೆ ಬರ್ಕೊಡ್ತಾರೆ" ಎಂದು ಗಿಳಿಪಾಠ ಒಪ್ಪಿಸುವವಳು ನಾನು. ನಿನಗೆ ಮಾತ್ರ ಉಪ್ಪು ಕಡಿಮೆ ಮಾಡು ಎಂದು ಬೈದದ್ದೇ ಬಂತು. ಆಮೇಲೆ ಕೆಮ್ಮು ನಿಂತಾಗ, ನನ್ನ ಮಾತು ಕೇಳಿ ತಣ್ಣೀರು ಬಿಟ್ಟೆಯೆಂದು ಹಿಗ್ಗಿದೆ. ತಪ್ಪು ನನ್ನದು ಅಣ್ಣಾ.

ಈಗ ನಿನ್ನ ತಲೆಯ ಬಳಿಯ ಮಾನಿಟರ್ ನೂರಾ ತೊಂಬತ್ತು ತೋರಿಸುತ್ತಿದೆ. "ಈಗ್ಲೇ ಇಳಿಸ್ಬಾರ್ದು ಸಿಸ್ಟರ್. ಮಿದುಳಿನ ರಕ್ತನಾಳ ಕಟ್ಕೊಂಡಿದೆ, ಒತ್ತಡ ದಿಢೀರ್ ಅಂತ ಇಳಿದ್ರೆ ಸಿಗ್ತಿರೋ ರಕ್ತಾನೂ ತಪ್ಪುತ್ತೆ" ಎಂದರು ಡಾಕ್ಟರು. ನನಗೆ ಗೊತ್ತಿಲ್ಲದ್ದೇನಲ್ಲ, ಹೊಸ ನರ್ಸ್‌ಗಳಿಗೆ ನಾನೇ ಕಲಿಸುವ ಪಾಠ. ಆದರೂ ಆ ಅಂಕಿ ನಿನ್ನದು. ಮಾತ್ರೆ ನನ್ನ ಕೈಯಲ್ಲೇ ಇದ್ದೂ ಕೈಕಟ್ಟಿ ಕೂರಬೇಕು.

ಈ ಬೆಳಗ್ಗೆ ಔಷಧಿಯ ಟ್ರೇ ಹಿಡಿದು ಒಂದೊಂದೇ ಹಾಸಿಗೆ ದಾಟಿ ಬಂದೆ. ನನ್ನನ್ನು ಕಂಡವನೇ ನೀನು ಸೊಟ್ಟಗಾದ ಬಾಯಿಯನ್ನು ಆದಷ್ಟೂ ತೆರೆದು ಮಾತ್ರೆಗೆ ಕಾದೆ. ಯಾರೂ ಹೇಳಿರಲಿಲ್ಲ, ಯಾರೂ ಗದರಿರಲಿಲ್ಲ. "ಇವತ್ತು ನಿಂಗಿಲ್ಲ ಅಣ್ಣಾ" ಎಂದು ತುಟಿ ಒರೆಸಿ ಎಂಟನೇ ಹಾಸಿಗೆಗೆ ಹೋದೆ. ತಿರುಗಿ ನೋಡಿದರೆ, ನೀನು ಇನ್ನೂ ಬಾಯಿ ತೆರೆದೇ ಇದ್ದೆ.

ನಿನ್ನ ಬಾಯಿಂದ ಮೊದಲು ಬರುವುದು ನನಗೆ ಬೈಗುಳವೇ ಆಗಲಿ, ಬರಲಿ ಎಂದು ಬೇಡುತ್ತಾ,

ನಿನ್ನ ತಂಗಿ