ಎರಡನೆಯ ನೋರಾ

೨೧೯೦ನೆಯ ಇಸವಿ, ಎರಡನೆಯ ಬೇಸಿಗೆಯ ಒಂಬತ್ತನೆಯ ದಿನ
ಹಳೆಯ ಚಿನ್ನದ ಗಣಿ ಊರು, ಕೋಲಾರ ಸೀಮೆ

ಸಂಜೆ ಏಳು ಗಂಟೆ. ಮುಚ್ಚುಹೊತ್ತು ಈಗಷ್ಟೇ ಮುಗಿದು ಬೀದಿಯವರು ಬಾಗಿಲು ತೆಗೆಯುತ್ತಿದ್ದಾರೆ. ಇವತ್ತು ನೀರಿನ ಗಾಡಿ ಬಂತು, ಅರ್ಧ ಡ್ರಮ್ಮು ಸಿಕ್ಕಿತು. ಮೊಮ್ಮಗಳ ಕೂದಲು ಕತ್ತರಿಸಿದೆ. ಅವಳ ಲಂಗಗಳ ಅಂಚು ಬಿಚ್ಚಿ ಉದ್ದ ಮಾಡಿದೆ. ಅವಳು ಹೋಗುವ ಕಡೆ ಹೊಲಿದುಕೊಡುವವರು ಇರುತ್ತಾರೋ ಇಲ್ಲವೋ.

ಅಮ್ಮಾ, ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಕರೆಯುತ್ತಿದ್ದೇನೆ. ನೀವು ನನ್ನ ಮುತ್ತಜ್ಜನ ತಾಯಿ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಾನು ಓದಿದ್ದು ಏಳನೆಯ ತರಗತಿ. ಮುಚ್ಚುಹೊತ್ತು ಎಂದರೆ ಬೆಳಗಿನ ತಿಂಡಿಯ ಹೊತ್ತಿನಿಂದ ಸಂಜೆಯವರೆಗೆ, ಬಿಸಿಲಿಗೆ ಯಾರೂ ಹೊರಗೆ ಬರಬಾರದ ಹೊತ್ತು. ಎರಡನೆಯ ಬೇಸಿಗೆ ಎಂದರೆ ನೀವು ದೀಪಾವಳಿ ಮಾಡುತ್ತಿದ್ದ ದಿನಗಳು. ಈ ಕಾಗದ ಹಿಂದಕ್ಕೆ ಹೇಗೆ ತಲುಪುತ್ತದೆ ಎಂದು ನನಗೆ ತಿಳಿಯದು. ಮುಂದಕ್ಕೆ ಕಳಿಸಿದ್ದು ಯಾವುದೂ ನಮ್ಮ ಮನೆಯಲ್ಲಿ ಉಳಿಯಲಿಲ್ಲ, ಅದಕ್ಕೆ ಹಿಂದಕ್ಕೆ ಬರೆಯುತ್ತಿದ್ದೇನೆ.

ನಾವೀಗ ತಗ್ಗುಮನೆಗಳಲ್ಲಿ ಇದ್ದೇವೆ. ನೆಲ ಅಗೆದು, ಮೇಲೆ ಕಲ್ಲುಚಪ್ಪಡಿ ಹೊದಿಸಿ, ಅದರ ಮೇಲೆ ಮಣ್ಣು ಸುರಿದ ಮನೆಗಳು. ಬೆಳಗಿನ ಜಾವ ರಾಗಿ ಅಂಬಲಿ ಕಾಸಿ, ಒಲೆ ಆರಿಸಿ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ ಮಲಗುತ್ತೇವೆ. ಗಾಳಿ ಎದ್ದರೆ ಸಯನೈಡ್ ದಿಬ್ಬದ ದೂಳು ಚಪ್ಪಡಿ ಸಂದಿಯಿಂದ ಇಳಿಯುತ್ತದೆ. ಹಿಂದೆ ಚಿನ್ನ ತೆಗೆದು ಗುಡ್ಡದಂತೆ ಸುರಿದ ಆ ಮಣ್ಣು ನಿಮ್ಮ ಕಾಲದಲ್ಲೂ ಇತ್ತು, ನಿಮಗೆ ಗೊತ್ತು. ನನ್ನ ಮಗಳು ಫಿಲೋಮಿನಾ ಹೋದ ವರ್ಷ ಆ ದೂಳಿನಿಂದಲೇ ಹೋದಳು. ಅವಳ ಮೊದಲ ಮಗು ನೋರಾ ಅದಕ್ಕಿಂತ ಎಷ್ಟೋ ಮುಂಚೆ, ಬಿಸಿಲು ಬಡಿದು ಹೋಗಿತ್ತು. ಈಗ ಉಳಿದಿರುವುದು ಎರಡನೆಯವಳು, ಇಂಚರ. ಆರು ವರ್ಷ. ಈ ಬೇಸಿಗೆಯಿಂದ ಅವಳೂ ತಾಯಿಯ ಹಾಗೆಯೇ ಕೆಮ್ಮುತ್ತಿದ್ದಾಳೆ.

ತಂಪುನಾಡು ಎಂದು ನಾವು ಕರೆಯುವುದು ಐರ್ಲೆಂಡನ್ನು. ಅಲ್ಲಿ ಇನ್ನೂ ಮಳೆ ಬರುತ್ತದಂತೆ, ಹುಲ್ಲು ಇದೆಯಂತೆ. ತಮ್ಮ ನೆಲದಿಂದ ಹೋದವರ ಸಂತಾನ ಎಂದು ತೋರಿಸಿದ ಮಕ್ಕಳನ್ನು ಮಾತ್ರ ಅವರು ಹಡಗಿನಲ್ಲಿ ಕರೆಸಿಕೊಳ್ಳುತ್ತಾರೆ. ದೊಡ್ಡವರಿಗೆ ಹಡಗಿಲ್ಲ. ಹೋದ ಮಕ್ಕಳಿಂದ ಈವರೆಗೆ ಒಂದು ಸುದ್ದಿಯೂ ಬಂದಿಲ್ಲ. ದೂರ, ಅದಕ್ಕೆ, ಎನ್ನುತ್ತಾರೆ. ಸಂತಾನ ಹೌದೋ ಅಲ್ಲವೋ ಎಂದು ನೋಡುವುದು ಬಂಗಾರಪೇಟೆಯಲ್ಲಿ ಕೂತಿರುವ ಬೇರುಮಂಡಳಿ.

ನಮ್ಮ ಮನೆತನದ ಮೊದಲಿಗ ಮಾರ್ಟಿನ್ ಟಿಯರ್ನಿ, ನಿಮಗಿಂತಲೂ ಎಷ್ಟೋ ಮುಂಚೆ, ಆಳುಗಳನ್ನು ಗಣಿಯೊಳಕ್ಕೆ ಇಳಿಸಿ ಹತ್ತಿಸುವ ತೊಟ್ಟಿಲಿನ ಯಂತ್ರ ನೋಡಿಕೊಳ್ಳಲು ಲೀಟ್ರಿಮ್ ಜಿಲ್ಲೆಯಿಂದ ಇಲ್ಲಿಗೆ ಬಂದವನು ಎಂಬುದು ಅಜ್ಜಿಯಿಂದ ನನಗೆ ಗೊತ್ತು. ಅದಕ್ಕೆ ಆಧಾರ ಎಲ್ಲಿ? ಇಲ್ಲಿಯ ಚರ್ಚಿನ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಆ ದೇಶದ ದಾಖಲೆ ಮನೆ ಯಾವುದೋ ಕಾಲದ ಯುದ್ಧದಲ್ಲಿ ಸುಟ್ಟಿತ್ತು. ನಿಮ್ಮ ಕಾಲದವರು ಚಿತ್ರ, ಕಾಗದ, ಎಲ್ಲವನ್ನೂ ದೂರದ ಯಂತ್ರಗಳಲ್ಲಿ ಇಟ್ಟಿದ್ದರು. ಆ ಯಂತ್ರಗಳನ್ನು ತಣ್ಣಗಿಡಲು ಆಗದೆ ನನ್ನ ಅಜ್ಜನ ಕಾಲದಲ್ಲಿ ನಿಲ್ಲಿಸಿದರು. ಅದನ್ನು ನಾವು ಅಳಿವು ಎನ್ನುತ್ತೇವೆ.

ಕೊನೆಗೆ ಆ ಕಡೆಯ ಒಂದು ಹಳ್ಳಿ ಚರ್ಚಿನಿಂದ ಎರಡು ಸಾಲು ಸಿಕ್ಕಿತು. ಮಾರ್ಟಿನ್ ಹುಟ್ಟಿದ್ದು ಒಂದು ಸಾಲು. ಅದೇ ಮಾರ್ಟಿನ್ ಮೂರು ವರ್ಷಕ್ಕೆ ತೀರಿಕೊಂಡದ್ದು ಇನ್ನೊಂದು. ಅದರ ಮುಂದಿನ ಹಾಳೆಗಳು ಇಲ್ಲ. ಮಂಡಳಿಯ ಜಯಶೀಲನ್ ಅವರು ಕನ್ನಡಕ ತೆಗೆದು, "ಸತ್ತ ಮಗುವಿಗೆ ಮರಿಮಕ್ಕಳು ಹೇಗಮ್ಮಾ?" ಎಂದರು. ಒರಟಾಗಿ ಹೇಳಲಿಲ್ಲ.

ಆದರೆ ನನಗೆ ಗೊತ್ತಿತ್ತು. ನಿಮಗೂ ಗೊತ್ತಿರಬೇಕು. ನಮ್ಮ ಮನೆಯಲ್ಲಿ ಮಗು ತೀರಿಕೊಂಡರೆ ಆಮೇಲೆ ಹುಟ್ಟಿದ್ದಕ್ಕೆ ಅದೇ ಹೆಸರು. ಮೊದಲಿನದರ ಮಾತು ಆಮೇಲೆ ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಆ ಪದ್ಧತಿ ಆ ದೇಶದಿಂದಲೇ ಬಂದದ್ದು. ಇಲ್ಲಿಗೆ ಬಂದವನು ಎರಡನೆಯ ಮಾರ್ಟಿನ್. ನಾನೇ ಎರಡನೆಯ ಬ್ರಿಜಿಟ್. ಹಾಳೆ ಕಳೆದುಹೋದಲ್ಲಿ ಮಂಡಳಿ ರೂಢಿಸಾಕ್ಷಿ ಒಪ್ಪುತ್ತದೆ. ಎಂದರೆ, ಮನೆತನದ ಪದ್ಧತಿಯನ್ನು ಕಡಿಯದಂತೆ ಇವತ್ತಿನ ಮಗುವಿನವರೆಗೆ ತೋರಿಸಬೇಕು.

ಪಕ್ಕದ ಮನೆಯ ಮುನಿರತ್ನಮ್ಮನನ್ನು ಕರೆದುಕೊಂಡು ಗುಡ್ಡದ ಸಮಾಧಿಗಳಿಗೆ ಹೋದೆ. ತೆಂಗಿನ ನಾರಿನಲ್ಲಿ ಒಂದೊಂದೇ ಕಲ್ಲು ಉಜ್ಜಿದೆವು. ನೋರಾ ಎಂಬುದನ್ನು ಹಿಂದೆ ಹೊನೋರಾ ಎಂದು ಬರೆಯುತ್ತಿದ್ದರು. ಚಿಕ್ಕ ಕಲ್ಲು ಹೊನೋರಾ, ಪಕ್ಕದಲ್ಲಿ ದೊಡ್ಡ ಕಲ್ಲು ಹೊನೋರಾ. ಚಿಕ್ಕ ಮಾರ್ಟಿನ್, ದೊಡ್ಡ ಮಾರ್ಟಿನ್. "ನಿಮ್ಮ ಮನೇಲಿ ಹೆಸರಿಗೂ ಬರಗಾಲನಾ ಅಕ್ಕಾ? ಇದ್ದ ನಾಕನ್ನೇ ಒಗೆದು ಒಗೆದು ಹಾಕ್ಕೊಂಡಿದ್ದೀರಲ್ಲ" ಎಂದು ಮುನಿರತ್ನಮ್ಮ ನಕ್ಕಳು. ನನಗೂ ನಗು ಬಂತು. ಫಿಲೋಮಿನಾ ಹೋದ ಮೇಲೆ ಅದೇ ಮೊದಲು.

ಅಲ್ಲಿ ನಿಮ್ಮ ಮಗುವಿನ ಕಲ್ಲು ಸಿಕ್ಕಿತು. ಮಾರ್ಟಿನ್, ೨೦೨೩ ಎಂದಷ್ಟೇ ಕೆತ್ತಿದೆ. ಕೆಳಗೆ ಸಣ್ಣ ಸಣ್ಣ ಕಪ್ಪು ಮನೆಗಳ ಒಂದು ಚೌಕ. ಅದಕ್ಕೆ ಫೋನು ಹಿಡಿದರೆ ಮಗುವಿನ ಚಿತ್ರ, ತಂದೆತಾಯಿಯ ಹೆಸರು, ನೀವು ಬರೆದ ಮಾತು ಎಲ್ಲ ಬರುತ್ತಿತ್ತು ಎಂದು ಜಯಶೀಲನ್ ಅವರು ಹೇಳಿದರು. ಈಗ ಏನೂ ಬರುವುದಿಲ್ಲ. ಚೌಕ ಮಾತ್ರ ನಿನ್ನೆ ಕೆತ್ತಿದಷ್ಟು ಚೆನ್ನಾಗಿದೆ. ನಾನು ಅದನ್ನೂ ಉಜ್ಜಿದೆ. ನಿಮ್ಮ ಹೆಸರು ಅದರೊಳಗೆ ಇದೆ, ನನಗೆ ಸಿಗುವುದಿಲ್ಲ.

ಎಲ್ಲ ಕಲ್ಲುಗಳನ್ನೂ ಮಂಡಳಿ ಒಪ್ಪಿತು. ಕೊಂಡಿ ಕಡಿದದ್ದು ನನ್ನ ಮಗಳ ಹತ್ತಿರ. ಎರಡನೆಯ ಹೆಣ್ಣು ಹುಟ್ಟಿದಾಗ ಮನೆಯವರೆಲ್ಲ ನೋರಾ ಎಂದೇ ಇಡು ಎಂದೆವು. ಫಿಲೋಮಿನಾ ಮಗುವನ್ನು ಎದೆಗೆ ಒತ್ತಿಕೊಂಡು, "ನೋರಾ ಅಂದ್ರೆ ನೋರಾನೇ ಅಮ್ಮಾ. ಇವಳು ಬೇರೆ" ಎಂದಳು. ನಮ್ಮಲ್ಲಿ ಯಾರಿಗೂ ಇಲ್ಲದ ಹೆಸರು ಹುಡುಕಿ ಇಂಚರ ಎಂದಿಟ್ಟಳು. ಪ್ರತಿ ಭಾನುವಾರ ದೊಡ್ಡವಳ ಕಲ್ಲಿನ ಹತ್ತಿರ ಚಿಕ್ಕವಳನ್ನು ಕೂರಿಸಿಕೊಂಡು, ಅಕ್ಕ ಹೇಗಿದ್ದಳು, ಏನು ತಿನ್ನುತ್ತಿದ್ದಳು ಎಂದು ಹೇಳುತ್ತಿದ್ದಳು.

ಕಳೆದ ವಾರ ಕೊನೆಯ ವಿಚಾರಣೆ. ಜಯಶೀಲನ್ ಅವರು ಲೇಖನಿ ಕೆಳಗಿಟ್ಟು, "ಈ ಮಗುವನ್ನ ಮನೇಲಿ ಏನಂತ ಕರೀತೀರಿ? ಯೋಚನೆ ಮಾಡಿ ಹೇಳಿ" ಎಂದರು. ಮತ್ತೆ ಅದೇ ಮಾತನ್ನು ನಿಧಾನವಾಗಿ ಹೇಳಿದರು. ಅಷ್ಟರಲ್ಲಿ ಹುಡುಗಿ ನನ್ನ ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು. ನಾನು ನೋರಾ ಎಂದೆ. ಇಂಚರ ಎಂಬ ಹೆಸರನ್ನು ಅವರು ಅಳಿಸಿದರು.

ಮನೆಗೆ ಬರುವ ದಾರಿಯಲ್ಲಿ ಅವಳು ಕೇಳಿದಳು, "ನೋರಾ ಗುಡ್ಡದಲ್ಲಿ ಇದ್ದಾಳಲ್ಲ ಅಜ್ಜಿ? ನಾನೂ ಅಲ್ಲಿಗೆ ಹೋಗಬೇಕಾ?"

ಇಲ್ಲ ಕಂದಾ, ನೀನು ಹಡಗಿಗೆ, ಎಂದೆ. ಆಗಿನಿಂದ ಮನೆಯಲ್ಲಿ ನೋರಾ ಎಂದು ಕೂಗಿ ಅಭ್ಯಾಸ ಮಾಡಿಸುತ್ತಿದ್ದೇನೆ. ಮೊದಮೊದಲು ಅವಳು ಬಾಗಿಲ ಕಡೆ ತಿರುಗಿ, ಯಾರು ಬಂದರು ಎಂದು ನೋಡುತ್ತಿದ್ದಳು. ಈಗ ಕೆಲವು ಸಲ ಓಗೊಡುತ್ತಾಳೆ, ಕೆಲವು ಸಲ ಇಲ್ಲ. ತಂಪುನಾಡಿನಲ್ಲಿ ಇವಳ ಮಕ್ಕಳು ಮುಂದೊಂದು ದಿನ ಹುಡುಕಿದರೆ, ಈ ಗುಡ್ಡದಲ್ಲಿ ನೋರಾ ಸತ್ತಿದ್ದಾಳೆ ಎಂಬುದೇ ಸಿಗುತ್ತದೆ. ಸತ್ತವಳಿಗೆ ಮಕ್ಕಳು ಹೇಗೆ ಎಂದು ಅಲ್ಲೂ ಯಾರಾದರೂ ಕೇಳುತ್ತಾರೆ. ಆಗ ಅವರನ್ನು ಎಲ್ಲಿಗೆ ಕಳಿಸುತ್ತಾರೋ.

ಅಮ್ಮಾ, ಮಾರ್ಟಿನ್ ಹೋದ ಮೇಲೆ ಹುಟ್ಟಿದ ನನ್ನ ಮುತ್ತಜ್ಜನಿಗೆ ನೀವೂ ಅದೇ ಹೆಸರು ಇಟ್ಟಿರಿ. ಇಟ್ಟದ್ದರಿಂದಲೇ ಈ ಮಗುವಿಗೆ ಹಡಗು ಸಿಕ್ಕಿದೆ, ನಾನು ದೂರುವಂತಿಲ್ಲ. ಒಂದೇ ಕೇಳುವುದು. ಕಲ್ಲು ಕೆತ್ತುವವನನ್ನು ಮತ್ತೆ ಕರೆಸಿ. ಚೌಕದ ಪಕ್ಕದಲ್ಲಿ ನಿಮ್ಮ ಹೆಸರನ್ನು ಉಳಿಯಿಂದ ಕೆತ್ತಿಸಿ. ಇಬ್ಬರು ಮಾರ್ಟಿನ್ ಇದ್ದರು, ಒಬ್ಬನಲ್ಲ, ಎಂದೂ ಕೆತ್ತಿಸಿ. ಚಿಕ್ಕವನಿಗೆ ಮಾತು ತಿಳಿಯುವಷ್ಟಾದಾಗ ದೊಡ್ಡವನ ವಿಷಯ ಹೇಳಿ. ಮನೆಯಲ್ಲಿ ಬೇಡ ಎಂದರೂ ಹೇಳಿ.

ನಾಳೆ ಬೆಳಗಿನ ಜಾವ ಬಂಗಾರಪೇಟೆಯಿಂದ ಬಂದರಿಗೆ ರೈಲು. ಹತ್ತಿಸುವಾಗ ನೋರಾ ಎಂದು ಒಂದೇ ಸಲ ಕೂಗುತ್ತಾರೆ. ಓಗೊಡದ ಮಗುವನ್ನು ಹತ್ತಿಸುವುದಿಲ್ಲ.